ಇದ್ದಿಲು ಬೀಳದ ಗಡಿಗೆ

ಹೊಳೆದಂಡೆಯಲ್ಲಿ ದುರ್ಗಜ್ಜನ ಗುಡಿಸಲು. ಸತ್ತ ದನದ ತೊಗಲು ಹದ ಮಾಡುವುದು ಅವನ ಕಾಯಕ. ಕೊಬ್ಬನ್ನು ಕಾಯಿಸಿ, ಸೋಸಿ, ಬಂಡಿಯ ಅಚ್ಚಿಗೆ ಸವರಲು ಕೊಡುತ್ತಿದ್ದ.

ಮಠದ ಅಡುಗೆಮನೆಯಲ್ಲಿ ಹತ್ತು ವರ್ಷ ಸೌಟು ಹಿಡಿದಿದ್ದ ರಾಚಯ್ಯ, ಅದೇನು ಅನಿಸಿತೋ, ಸೌಟು ಇಟ್ಟು ಬಂದು ಈ ಅಜ್ಜನ ಕಾಲು ಹಿಡಿದಿದ್ದ. ಮೂರು ವರ್ಷವಾಗಿತ್ತು. ಅಜ್ಜನ ಬಾಯಿಂದ ಒಂದು ಸಲ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಆಸೆಯಾಗಿಯೇ ಉಳಿದಿತ್ತು.

ಏನು ಮಾಡಿ ತೋರಿಸಿದರೂ ಅಜ್ಜನದು ಒಂದೇ ಮಾತು: “ಇನ್ನೂ ಹದ ಬಂದಿಲ್ಲ.”

ಕೊಬ್ಬು ಸೋಸಿದ ಮೇಲೆ ಅಜ್ಜ ಅದಕ್ಕೆ ಒಂದು ಬೊಗಸೆ ಇದ್ದಿಲಪುಡಿ ಸುರಿದು ಕಲಕುತ್ತಿದ್ದ. ಕನ್ನಡಿಯಂಥ ಕೊಬ್ಬು ಕಾಡಿಗೆಯಾಗುತ್ತಿತ್ತು. ರಾಚಯ್ಯನಿಗೆ ತಡೆಯಲಾಗುತ್ತಿರಲಿಲ್ಲ.

“ಅಜ್ಜಾ, ಇಷ್ಟು ಚಂದ ಸೋಸಿ ಯಾಕ ಕೆಡಸ್ತೀರಿ?”

“ಕೆಡಬೇಕಲ್ಲೋ ಅದು.”

“ಅದು ಏನಂತ ನನಗ ಗೊತ್ತೈತಲ್ರೀ.”

“ನಿನಗ ಗೊತ್ತೈತಿ. ಗಡಿಗಿಗೆ ಗೊತ್ತೈತೇನು?”

ಒಂದು ದಿನ ರೋಗ ಬಂದು ಸತ್ತ ಎತ್ತು ಬಂತು. ಈ ಸಲ ರಾಚಯ್ಯ ಪಣ ತೊಟ್ಟು ಕೂತ. ನಾಲ್ಕು ಸಲ ಸೋಸಿದ. ಹಳೆಯ ಕೈಚಾಳಿ ಎಲ್ಲಿ ಹೋಗಬೇಕು? ತುಪ್ಪಕ್ಕೆ ಹಾಕುವಂತೆ ಒಂದು ವೀಳ್ಯದೆಲೆಯನ್ನೂ ಹಾಕಿದ. ಆರಿದ ಮೇಲೆ ಅದು ಬೆಳ್ಳಗೆ ಹರಳುಗಟ್ಟಿ ಘಮ್ಮೆಂದಿತು. ಇದನ್ನು ನೋಡಿದರೆ ಅಜ್ಜ ಭೇಷ್ ಅನ್ನದೆ ಇರಲಾರ ಎಂದುಕೊಂಡು, ಇದ್ದಿಲು ಹಾಕದೆ ಜಗಲಿಯ ಮೇಲಿಟ್ಟು, ಅಜ್ಜನ ಜೊತೆ ತೊಗಲು ತೊಳೆಯಲು ಹೊಳೆಗಿಳಿದ.

ಮೇಲೆ ಬಂದಾಗ ಗಡಿಗೆ ಇರಲಿಲ್ಲ.

ಬೇಲಿಯಾಚೆ ಎಮ್ಮೆ ಮೇಯಿಸುತ್ತಿದ್ದ ನಿಂಗವ್ವ ಹೇಳಿದಳು: “ಮಠದ ಬಂಡಿ ಬಂದಿತ್ತಪಾ. ಬಂಡಿಯಾಂವ ಕರೇ ಗಡಿಗ್ಯಾಗಿಂದು ಅಚ್ಚಿಗೆ ಸವರಿಕೊಂಡ. ಬಿಳೇದಿದ್ದ ಗಡಿಗಿ ಮೂಸಿ ನೋಡಿ, ಅಜ್ಜ ದಾಸೋಹಕ್ಕ ತುಪ್ಪ ತಗದಿಟ್ಟಾನ ಅಂತ ಇಟ್ಕೊಂಡು ಹ್ವಾದ.”

ಅಜ್ಜ ಬೈಯಲಿಲ್ಲ. ಇದ್ದಿಲ ಬುಟ್ಟಿಯನ್ನು ಹೆಗಲಿಗೇರಿಸಿ ಮಠದ ದಾರಿ ಹಿಡಿದ. ರಾಚಯ್ಯ ಹಿಂದೆ ಓಡಿದ.

ಅಲ್ಲಿ ಪಂಕ್ತಿ ಕೂತಿತ್ತು. ಅಡುಗೆಮನೆಯಲ್ಲಿ ಬಂಡಿಯಿಂದ ಇಳಿಸಿಟ್ಟ, ಒಂದೇ ಥರದ ಹನ್ನೆರಡು ಗಡಿಗೆಗಳ ಸಾಲು. ಎಲ್ಲದರಲ್ಲೂ ಎಮ್ಮೆತುಪ್ಪದ ಬಿಳುಪು, ಎಲ್ಲದರಲ್ಲೂ ವೀಳ್ಯದೆಲೆಯ ಘಮ. ಪುಣ್ಯಕ್ಕೆ ಇನ್ನೂ ಬಡಿಸಿರಲಿಲ್ಲ.

“ನಿನ್ನದ್ಯಾವುದು?” ಅಂದ ಅಜ್ಜ.

ರಾಚಯ್ಯ ಮೂಸಿದ. ಬೆರಳಲ್ಲಿ ತಿಕ್ಕಿ ನೋಡಿದ. ಹತ್ತು ವರ್ಷ ಪಳಗಿದ ಮೂಗು ಸುಮ್ಮನಿತ್ತು. ಅಷ್ಟು ಚೆನ್ನಾಗಿ ಮಾಡಿದ್ದ.

“ತಿಳೀವಲ್ದು ಅಜ್ಜಾ.”

ಅಜ್ಜ ಅವನ ರಟ್ಟೆ ಹಿಡಿದು ಬಾಗಿಲಿಗೆ ತಂದು ನಿಲ್ಲಿಸಿದ. “ನೋಡು.”

ಮುನ್ನೂರು ಜನ. ಮುದುಕರು, ಬಸುರಿಯರು, ತಾಯಂದಿರ ತೊಡೆಯ ಮೇಲೆ ಕೂಸುಗಳು. ಎಲ್ಲರ ಎಲೆಯಲ್ಲೂ ಹುಗ್ಗಿ ಬಿದ್ದಿತ್ತು, ತುಪ್ಪಕ್ಕೆ ಕಾದಿದ್ದರು. ಇದೇನು, ಎಲ್ಲಿಂದ ಬಂತು ಎಂದು ಕೇಳುವವರು ಒಬ್ಬರೂ ಇಲ್ಲ.

ಹತ್ತು ವರ್ಷ ಒಲೆಯನ್ನು ನೋಡಿದ್ದನೇ ಹೊರತು ರಾಚಯ್ಯ ಈ ಸಾಲನ್ನು ನೋಡಿರಲಿಲ್ಲ. ಕಾಣದ ಕೈಯನ್ನು ಇಷ್ಟು ನಂಬಿ ಕೂತ ಬಾಯಿಗಳ ಮುಂದೆ ಅವನ ಮೈ ಜುಮ್ಮೆಂದಿತು. ಗುಡಿಯಲ್ಲೂ ಅವನಿಗೆ ಹಾಗೆ ಆಗಿರಲಿಲ್ಲ.

ಪಕ್ಕಕ್ಕೆ ತಿರುಗಿದರೆ, ಅಜ್ಜ ರುಮಾಲು ತೆಗೆದಿಟ್ಟು ಆ ಪಂಕ್ತಿಗೆ ಅಡ್ಡಬಿದ್ದಿದ್ದ.

ರಾಚಯ್ಯ ಬುಟ್ಟಿಗೆ ಕೈ ಹಾಕಿದ. ಮೊದಲ ಗಡಿಗೆಗೆ ಇದ್ದಿಲು ಸುರಿದ. ಎರಡನೆಯದಕ್ಕೂ ಸುರಿದ.

“ಹುಚ್ಚು ಹಿಡೀತೇನೋ ನಿನಗ! ಊರೂರು ತಿರುಗಿ ತಂದ ತುಪ್ಪ!” ಎಂದು ಅಡುಗೆಯವರು ಮೇಲೆ ಬಿದ್ದರು.

“ಇದರಾಗ ಒಂದು ರೋಗದ ಎತ್ತಿನ ಕೊಬ್ಬೈತ್ರಿ. ಮಾಡಿದಾಂವ ನಾನು. ಯಾವುದಂತ ನನಗೂ ತಿಳೀವಲ್ದು,” ಅಂದ ರಾಚಯ್ಯ, ಪಂಕ್ತಿಗೆಲ್ಲ ಕೇಳುವಂತೆ.

ಹಿಡಿದ ಕೈಗಳು ಹಿಂದೆ ಸರಿದವು. ಹನ್ನೆರಡೂ ಕಪ್ಪಾದವು. ಆ ದಿನ ಮುನ್ನೂರು ಜನ ಬರೀ ಹುಗ್ಗಿ ಉಂಡರು.

ಕೊನೆಯವರು ಕೈ ತೊಳೆದು ಹೋಗುವವರೆಗೂ ರಾಚಯ್ಯ ತಲೆ ಎತ್ತಲಿಲ್ಲ. ಅಜ್ಜ ಒಂದು ಗಡಿಗೆಯಲ್ಲಿ ಬೆರಳದ್ದಿ, ಆ ಕಪ್ಪನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಶಿಷ್ಯನನ್ನು ನೋಡಿದ.

“ಭೇಷ್,” ಅಂದ. “ಈಗ ಹದ ಬಂತು.”