ಬಾಯಿಬಿಡದಕ್ಕನ ಗುಡ್ಡ

ನಮ್ಮ ಗೊಲ್ಲರಹಟ್ಟಿಯ ಪಡುವಲಿಗಿರುವ ಬಾಯಿಬಿಡದಕ್ಕನ ಗುಡ್ಡವನ್ನು ಶ್ರಾವಣದಲ್ಲಿಯೇ ನೋಡಬೇಕು. ಬಂಡೆಗಳ ಸಂದಿನಿಂದ ಅಗ್ನಿಶಿಖೆಯ ಬಳ್ಳಿ ಎದ್ದು, ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿ, ಪಕ್ಕದ ಪೊದೆಯನ್ನು ಹಿಡಿದು ಮೇಲೇರಿರುತ್ತದೆ. ಹೂವಿನ ಮುಖ ನೆಲಕ್ಕೆ, ಎಸಳುಗಳು ಆಕಾಶಕ್ಕೆ. ಅರಳಿದಾಗ ಹಳದಿ, ನಾಲ್ಕು ದಿನ ಕಳೆಯುವಷ್ಟರಲ್ಲಿ ಕೆಂಡದ ಕೆಂಪು. ಇಷ್ಟು ಚೆಲುವಾದ ಬಳ್ಳಿಯ ಗಡ್ಡೆ ಮಾತ್ರ ಕಡುವಿಷ.

ಹಿಂದೆ ಪಾಳೆಗಾರರ ಕಾಲದಲ್ಲಿ ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಆಗ ಹಟ್ಟಿಯಲ್ಲಿ ಚಿತ್ತಕ್ಕನೆಂಬ ವಿಧವೆಯಿದ್ದಳು. ನಲವತ್ತು ಕುರಿಗಳೇ ಅವಳ ಬದುಕು. ಅವು ಬಾಯಿ ಹಾಕದಿರಲೆಂದು ಅಗ್ನಿಶಿಖೆ ಹುಟ್ಟುವ ಜಾಗಗಳನ್ನೆಲ್ಲ ಆಕೆ ಗುರುತಿಟ್ಟುಕೊಂಡಿದ್ದಳು. ಒಂದು ಬೇಸಿಗೆ, ಕಾಟಪ್ಪ ನಾಯಕನೆಂಬ ಪಾಳೆಗಾರ ಬಯಲಿನ ಹಿರೇಕೊಳದ ಕೋಟೆಗೆ ಮುತ್ತಿಗೆ ಹಾಕಿದ. ಎರಡು ತಿಂಗಳಾದರೂ ಕೋಟೆ ಬಗ್ಗಲಿಲ್ಲ. ಊರಿಗೆ ಕುಡಿಯುವ ನೀರು ಹೋಗುವ ಕಾಲುವೆಗೆ ವಿಷದ ಗಡ್ಡೆ ಜಜ್ಜಿ ಹಾಕಿಸುವುದೆಂದು ನಿಶ್ಚಯಿಸಿ, ಈ ಗುಡ್ಡದ ಮೇಲೆ ಗುಡಾರ ಹಾಕಿಸಿದ. ಆದರೆ ಬೇಸಿಗೆಯಲ್ಲಿ ಅಗ್ನಿಶಿಖೆ ಒಣಗಿ ಉದುರಿ, ಗಡ್ಡೆ ನೆಲದೊಳಗೆ ಮಲಗಿರುತ್ತದೆ. ಮೇಲೆ ಒಂದು ಕಡ್ಡಿಯೂ ಕಾಣದು. ಆಳುಗಳು ಅಗೆದು ಸೋತ ಮೇಲೆ ಚಿತ್ತಕ್ಕನನ್ನು ಹಿಡಿದು ತಂದರು.

“ಜಾಗ ತೋರಿಸಿದರೆ ಸಾಕು. ನೀರಿಗೆ ಹಾಕುವವರು ನಾವು, ನಿನಗೇನು?” ಎಂದ ನಾಯಕ.

“ಆ ನೀರನ್ನ ಕೂಸುಗಳೂ ಕುಡೀತಾವೆ ಬುದ್ಧೀ, ನಾನು ತೋರ್ಸಾಕಿಲ್ಲ,” ಎಂದಳು ಚಿತ್ತಕ್ಕ.

ಅವಳು ಬಾಯಿಬಿಡುವವರೆಗೆ ದಿನಕ್ಕೊಂದು ಕುರಿ ಕಡಿಯಿರೆಂದು ನಾಯಕ ಅಪ್ಪಣೆ ಮಾಡಿದ. ಹೆಸರಿಟ್ಟು ಸಾಕಿದ ಕುರಿಗಳು ಒಂದೊಂದಾಗಿ ಅವಳ ಕಣ್ಣೆದುರೇ ಹೋದವು. ಚಿತ್ತಕ್ಕ ಸೆರಗು ಕಚ್ಚಿಕೊಂಡು ಅತ್ತಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಮೂರೇ ಮೂರು ಉಳಿದಿದ್ದಾಗ ಮಳೆ ಹಿಡಿಯಿತು. ಬಿತ್ತನೆಯ ಚಿಂತೆ ಹತ್ತಿದ ದಂಡಿನವರು ತಂಡತಂಡವಾಗಿ ಊರಿಗೆ ಹೊರಟರು; ನಾಯಕನೂ ಗುಡಾರ ಕಿತ್ತ.

ಸುದ್ದಿ ತಿಳಿದ ಹಿರೇಕೊಳದವರು ಶ್ರಾವಣದಲ್ಲಿ ಮನೆಗೊಂದು ಮರಿಯನ್ನು ಹೊತ್ತು ಬಂದರು. ಚಿತ್ತಕ್ಕ ಅವರನ್ನು ಗುಡ್ಡ ಹತ್ತಿಸಿದಳು. ಗುಡಾರವಿದ್ದ ಜಾಗದಲ್ಲೇ ಅಗ್ನಿಶಿಖೆ ಎಲ್ಲಕ್ಕಿಂತ ದಟ್ಟವಾಗಿ ಹೂಬಿಟ್ಟಿತ್ತು. “ಇದರ ಮೇಲೇ ಕೂತ್ಕಂಡು ನನ್ನನ್ನ ಕೇಳ್ತಿದ್ದ ಕಣ್ರಪ್ಪಾ,” ಎಂದು ಅವಳು ಅಷ್ಟು ದಿನಗಳ ಮೇಲೆ ನಕ್ಕಳಂತೆ.

ಈಗ ಹೂ ನೋಡಲು ಬಂದವರನ್ನು ಹಟ್ಟಿಯ ಹೆಂಗಸರೇ ಕರೆದೊಯ್ದು ತೋರಿಸುತ್ತಾರೆ. ಮದ್ದಿನ ವ್ಯಾಪಾರಿಗಳೂ ಬರುವುದುಂಟು. ಗಡ್ಡೆ ಎಲ್ಲಿ ಸಿಗುತ್ತದೆಂದು ಅವರು ಕೇಳಿದರೆ, ಆ ಹೆಂಗಸರು ಕುರಿ ಹೊಡೆದುಕೊಂಡು ಸುಮ್ಮನೆ ಮುಂದೆ ನಡೆದುಬಿಡುತ್ತಾರೆ.