ರನ್‌ವೇ ಯಾರ ಕೆಳಗೆ?

ಯುದ್ಧಕಾಲದಲ್ಲಿ ಊರಿನಲ್ಲಿದ್ದ ಮಿಲಿಟರಿ ವಿಮಾನ ನಿಲ್ದಾಣದ ಫೋಟೋ ಕೊನೆಗೂ ಪತ್ರಾಗಾರದಲ್ಲಿ ಸಿಕ್ಕಿತು. ಆಕಾಶದಿಂದ ತೆಗೆದ ಫೋಟೋ. ತಹಸೀಲ್ದಾರರು ರೈತ ಹೆಂಗಸು ಗಿರಿಯವ್ವನನ್ನು ಅಲ್ಲಿಗೇ ಕರೆಸಿದರು.

“ನೋಡು, ಕೆರೆ ಪಕ್ಕದ ಈ ಬಿಳಿ ಪಟ್ಟಿಯೇ ರನ್‌ವೇ. ಅದರ ಮೇಲೆ ನಿನ್ನ ಹೊಲ. ಸರ್ಕಾರಕ್ಕೆ ಬಿಟ್ಟುಕೊಡು!”

ಗಿರಿಯವ್ವ ಫೋಟೋವನ್ನು ತಿರುಗಿಸಿ ಹಿಡಿದಳು. “ಊರಾಗ ಎರಡು ಕೆರಿ ಅದಾವ್ರಿ. ಒಂದು ನನ್ನ ಹೊಲದ ಮಗ್ಗಲ, ಇನ್ನೊಂದು ನಿಮ್ಮ ಬಂಗ್ಲೆ ಮಗ್ಗಲ. ಹಿಂಗ ಹಿಡದ್ರ ಪಟ್ಟಿ ನಿಮ್ಮ ಬಂಗ್ಲೆ ಮ್ಯಾಲೆ ಬರತೈತಿ.”

ಸಾಹೇಬರು ಫೋಟೋ ತಿರುಗಿಸಿದರು, ಕತ್ತು ತಿರುಗಿಸಿದರು, ಮೇಜನ್ನೇ ಸುತ್ತಿದರು. “ಇದರಲ್ಲಿ ಮೇಲ್ಗಡೆ ಯಾವುದು?”

“ಮ್ಯಾಲೆ ಹಾರಿದಾವನ್ನ ಕೇಳ್ರಿ. ನಾನು ನೆಲದ ಮ್ಯಾಲಿನಾಕಿ.”

ಸಾಹೇಬರು ಹೊಲದ ಮಾತು ಬಿಟ್ಟು ಜೀಪು ಹತ್ತಿದರು. “ಯಾವ ಕಡೆಗೆ ಸರ್?” ಎಂದ ಡ್ರೈವರ್.

ಅವರಿಗೆ ಅದೂ ಹೊಳೆಯಲಿಲ್ಲ.