ಮೊದಲ ಗೀರು

ಬೆಲ್ಲದ ವ್ಯಾಪಾರಿ ಕೊಟ್ರಬಸಪ್ಪನ ಹಳೇ ಕಾರು ಎರಡು ಲಕ್ಷ ಕಿಲೋಮೀಟರ್ ಓಡಿತ್ತು. ಅದನ್ನು ಒಯ್ಯಲು ಗುಜರಿಯವನು ಬಾಗಿಲಿಗೇ ಬಂದು ನಿಂತಿದ್ದ.

“ಅಜ್ಜಾ, ನಿನ್ನ ಕಾಲ ಮುಗಿಯಿತು,” ಎಂದಿತು ಪಕ್ಕದ ಹೊಸ ಕಾರು. ಅದರ ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ.

“ಆಗಲಿ ಮಗಾ. ಸಂತೆಗೆ ಬೆಲ್ಲ ಹೊರುವುದು ಇನ್ನು ನಿನ್ನ ಪಾಲು,” ಎಂದಿತು ಹಳೆಯದು.

ಕೊಟ್ರಬಸಪ್ಪ ಬೆಲ್ಲದ ಮೂಟೆ ತಂದು ಹೊಸ ಕಾರಿನ ಬಾಗಿಲು ತೆರೆದ. ಸೀಟು ನೋಡಿದ, ಸಂತೆಯ ಇಕ್ಕಟ್ಟು ದಾರಿ ನೆನಪಾಯಿತು. “ಛೇ, ಇರುವೆ ಹತ್ತುತ್ತದೆ, ಗೀರು ಬೀಳುತ್ತದೆ,” ಎಂದು ಬಾಗಿಲು ಹಾಕಿ ಹೊದಿಕೆ ಎಳೆದ. ಗುಜರಿಯವನನ್ನು ವಾಪಸ್ ಕಳಿಸಿ ಹಳೆಯದರಲ್ಲೇ ಹೊರಟ.

ಸಂಜೆ ಧೂಳು ಮೆತ್ತಿಕೊಂಡು ಮರಳಿದ ಹಳೇ ಕಾರಿಗೆ ಹೊದಿಕೆಯೊಳಗಿಂದ ಸಣ್ಣ ದನಿ ಕೇಳಿಸಿತು: “ಅಜ್ಜಾ, ನಿನಗೆ ಮೊದಲ ಗೀರು ಎಲ್ಲಿ ಬಿತ್ತು?”

“ಕೊಂಡ ವಾರವೇ, ಸಂತೆಯ ತಿರುವಿನಲ್ಲಿ. ಅಲ್ಲಿಂದೀಚೆಗೆ ನನ್ನನ್ನು ಯಾರೂ ಮುಚ್ಚಿಟ್ಟಿಲ್ಲ.”